ಎಂತ ಸಾಕಾಯ್ತು? ಕಾಸರಗೋಡಿನ ಸೈಕಿಯಾಟ್ರಿ ವಾರ್ಡಿನಲ್ಲಿ ಮಾತಾಡಲು ಕಲಿಯುವ ಬಗೆ

ಬಿ.ಎಸ್ಸಿ. ನರ್ಸಿಂಗಿನ ಐದು ಮತ್ತು ಆರನೆಯ ಸೆಮಿಸ್ಟರಿನಲ್ಲಿ ಸೈಕಿಯಾಟ್ರಿ ಪೋಸ್ಟಿಂಗ್, ಅಂದರೆ ಮನೋರೋಗ ವಾರ್ಡಿನಲ್ಲಿ ಕಲಿಯುವ ಸರದಿ, ಬರುತ್ತದೆ. ಅಷ್ಟರವರೆಗೆ ಪ್ರತಿ ವಾರ್ಡಿನಲ್ಲೂ ಕೈಗೊಂದು ಕೆಲಸ ಇರುತ್ತಿತ್ತು. ಬಿಪಿ ನೋಡು, ಡ್ರಿಪ್ ಬದಲಿಸು, ಗಾಯ ತೊಳೆದು ಪಟ್ಟಿ ಕಟ್ಟು. ಈ ವಾರ್ಡಿನಲ್ಲಿ ಇರುವುದು ಎರಡು ಕುರ್ಚಿ, ಎದುರಿಗೊಬ್ಬ ಮನುಷ್ಯ, ಮತ್ತು ಮಾತು. ಆ ಮಾತೇ ಉಪಕರಣ. ಸಿರಿಂಜಿನ ಹಾಗೆ ಅದಕ್ಕೂ ಅಳತೆ ಉಂಟು, ಕೋನ ಉಂಟು, ತಪ್ಪಿದರೆ ನೋವೂ ಉಂಟು.

ಕಾಸರಗೋಡಿನಲ್ಲಿ ಇದಕ್ಕೆ ಇನ್ನೊಂದು ಸುತ್ತು ಸೇರಿಕೊಳ್ಳುತ್ತದೆ. ನಮ್ಮದು ಸಪ್ತಭಾಷೆಯ ನೆಲ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ವಾರ್ಡಿನಲ್ಲಿ ಅದು ಹೀಗೆ ಕಾಣುತ್ತದೆ: ಕೇಸ್ ಶೀಟ್ ಇಂಗ್ಲಿಷಿನಲ್ಲಿ, ಡಾಕ್ಟರರ ರೌಂಡ್ಸ್ ಮಲಯಾಳದಲ್ಲಿ, ರೋಗಿಯ ಮಾತು ತುಳುವಿನಲ್ಲಿ, ಜೊತೆಗೆ ನಿಂತ ಮಗನ ಉತ್ತರ ಕನ್ನಡದಲ್ಲಿ. ಪಕ್ಕದ ಮಂಚದಲ್ಲಿ ಬ್ಯಾರಿ, ಅದರಾಚೆ ಹವ್ಯಕ ಕನ್ನಡ ಅಥವಾ ಮರಾಠಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ಬಂದ ನಮ್ಮಂತಹ ವಿದ್ಯಾರ್ಥಿಗಳು ಮೊದಲ ದಿನವೇ ದುಭಾಷಿಗಳಾಗಿಬಿಡುತ್ತೇವೆ. ಪುಸ್ತಕದಲ್ಲಿರುವ ತಂತ್ರಗಳೆಲ್ಲ ಇಂಗ್ಲಿಷ್ ವಾಕ್ಯಗಳಲ್ಲಿವೆ. ಅವನ್ನು ನಮ್ಮ ಮಾತಿಗೆ ತರುವಾಗ ಯಾವುದು ನಿಲ್ಲುತ್ತದೆ, ಯಾವುದು ಮುರಿಯುತ್ತದೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಬರುವ ಸಂಭಾಷಣೆಗಳು ಯಾವೊಬ್ಬ ರೋಗಿಯದೂ ಅಲ್ಲ, ತಂತ್ರ ತೋರಿಸಲಿಕ್ಕೆ ಕಟ್ಟಿದವು. ರೋಗಿಯ ವಿಷಯವನ್ನು ಗೌಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ವಿದ್ಯಾರ್ಥಿಗೂ ಅದರಿಂದ ವಿನಾಯಿತಿ ಇಲ್ಲ.

ಪೋಸ್ಟಿಂಗಿಗೆ ಮೊದಲು ಕ್ಲಾಸಿನಲ್ಲಿ ರೋಲ್ ಪ್ಲೇ ಮಾಡಿಸುತ್ತಾರೆ. ಮೂವರ ಗುಂಪು: ಒಬ್ಬ ನರ್ಸ್, ಒಬ್ಬ ರೋಗಿ, ಒಬ್ಬ ಗಡಿಯಾರ ಹಿಡಿದ ವೀಕ್ಷಕ. ಐದು ನಿಮಿಷದ ಮಾತು. ವೀಕ್ಷಕ ಎರಡೇ ಸಂಗತಿ ಎಣಿಸಿದರೆ ಸಾಕು: ನರ್ಸ್ ಎಷ್ಟು ಪ್ರಶ್ನೆ ಕೇಳಿದಳು, ರೋಗಿಯ ಮಾತನ್ನು ಎಷ್ಟು ಸಲ ಹಿಂದಿರುಗಿಸಿದಳು. ಮೊದಲ ಸುತ್ತಿನಲ್ಲಿ ಪ್ರಶ್ನೆಗಳ ಲೆಕ್ಕವೇ ಪುಟ ತುಂಬುತ್ತದೆ. ಅದರಲ್ಲೂ ಒಂದೇ ಉಸಿರಿನಲ್ಲಿ ಮೂರು: “ನಿದ್ದೆ ಬಂತಾ, ತಿಂಡಿ ಆಯ್ತಾ, ಮಾತ್ರೆ ತಕ್ಕೊಂಡ್ರಾ?” ರೋಗಿ “ಹೂಂ” ಅಂದರೆ ಅದು ಯಾವುದಕ್ಕೆ ಹೂಂ ಎಂದು ಯಾರಿಗೂ ಗೊತ್ತಾಗುವುದಿಲ್ಲ. ರೋಲ್ ಪ್ಲೇ ಕೆಡುವುದು ಇನ್ನೊಂದು ಕಾರಣಕ್ಕೆ. ರೋಗಿಯ ಪಾತ್ರ ಮಾಡುವವರು ಸಿನಿಮಾದ ಹುಚ್ಚನನ್ನು ಆಡಿ ತೋರಿಸುತ್ತಾರೆ, ಎಲ್ಲರೂ ನಗುತ್ತಾರೆ, ಕಲಿಯುವುದು ಏನೂ ಇರುವುದಿಲ್ಲ. ಪಾತ್ರ ಮಾಡುವವರ ಕೈಗೆ ಒಂದು ಚೀಟಿ ಕೊಡಬೇಕು. “ಮೂರು ವಾರದಿಂದ ಬೆಳಗಿನ ಜಾವ ಎಚ್ಚರ, ಉತ್ತರ ಕೊಡಲು ಹತ್ತು ಸೆಕೆಂಡ್ ಬೇಕು, ದನಿ ಸಣ್ಣ” ಎಂದಷ್ಟು ಬರೆದರೂ ಆಟ ನಿಂತು ಅಭ್ಯಾಸ ಶುರುವಾಗುತ್ತದೆ.

ಕುರ್ಚಿ ಇಡುವುದಕ್ಕೂ ರೀತಿ ಉಂಟು. ಮುಖಾಮುಖಿ ಇಟ್ಟರೆ ಪೊಲೀಸ್ ವಿಚಾರಣೆಯ ಹಾಗಿರುತ್ತದೆ. ಸ್ವಲ್ಪ ಓರೆಯಾಗಿ, ರೋಗಿ ಬೇಕಾದರೆ ನಮ್ಮನ್ನು ನೋಡಲಿ, ಬೇಡವಾದರೆ ಕಿಟಕಿ ನೋಡಲಿ ಎಂಬ ಹಾಗೆ ಇಡಬೇಕು. ನಡುವೆ ಸುಮಾರು ಒಂದು ಮೀಟರ್. 45 ಸೆಂಟಿಮೀಟರಿಗಿಂತ ಹತ್ತಿರ ಹೋದರೆ ಅದು ಆಪ್ತರ ಜಾಗ. ಸಂಶಯದ ಕಾಯಿಲೆ ಇರುವವರಿಗೆ ಒಂದು ಮೀಟರೂ ಹತ್ತಿರವೇ, ಇನ್ನಷ್ಟು ಹಿಂದೆ ಸರಿಯಬೇಕು. ಬಾಗಿಲು ನಮ್ಮ ಬೆನ್ನಿಗೆ ಹತ್ತಿರ ಇರಬೇಕು, ಆದರೆ ರೋಗಿಗೆ ಹೊರಹೋಗುವ ದಾರಿ ಕಟ್ಟಿದಂತೆ ಆಗಬಾರದು. ಅಮೆರಿಕದ ಮನಶ್ಶಾಸ್ತ್ರಜ್ಞ ಗೆರಾರ್ಡ್ ಈಗನ್ ಹೇಳಿದ ಐದು ಸೂತ್ರಗಳಲ್ಲಿ ರೋಗಿಯ ಕಡೆ ಮುಖ ಮಾಡಿ ಕೂರುವುದನ್ನು ಓರೆ ಕುರ್ಚಿಗೆ ಹೊಂದಿಸಿಕೊಂಡರೆ, ಕೈ ಕಟ್ಟದಿರುವುದು, ತುಸು ಮುಂದೆ ಬಾಗುವುದು, ಸಡಿಲವಾಗಿರುವುದು ಇಲ್ಲಿ ಹಾಗೆಯೇ ನಡೆಯುತ್ತವೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು ಮಾತ್ರ ಅಳತೆ ನೋಡಿ ಬಳಸಬೇಕು. ನಮ್ಮ ಕಡೆಯ ಹಿರಿಯ ಹೆಂಗಸರು ಎಳೆಯರ ನೇರ ನೋಟವನ್ನು ಗದರಿಕೆಯೆಂದೇ ತೆಗೆದುಕೊಳ್ಳುವುದುಂಟು.

ವಾರ್ಡಿಗೆ ಹೋಗುವಾಗ ಕೊರಳಲ್ಲಿ ತೂಗುವ ಐಡಿ ಕಾರ್ಡಿನ ಟ್ಯಾಗ್, ಸರ, ಜೋಲುವ ಕಿವಿಯೋಲೆ, ಬಳೆ ಬೇಡ. ಕೂದಲು ಕಟ್ಟಿರಬೇಕು. ಕತ್ತರಿ, ಬ್ಲೇಡು ಜೇಬಿನಲ್ಲಿರಬಾರದು. ಪೆನ್ನು ಒಂದೇ, ವಾಪಸ್ ಬರುವಾಗ ಅದು ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಬೇಕು. ಮೊಬೈಲು ಹೊರಗೆ.

1952ರಲ್ಲಿ ಅಮೆರಿಕದ ನರ್ಸಿಂಗ್ ಶಿಕ್ಷಕಿ ಹಿಲ್ಡೆಗಾರ್ಡ್ ಪೆಪ್ಲಾವ್ ನರ್ಸ್ ಮತ್ತು ರೋಗಿಯ ಸಂಬಂಧಕ್ಕೆ ಹಂತಗಳಿವೆ ಎಂದು ಬರೆದರು. ನಮಗೆ ಕಲಿಸುವುದು ನಾಲ್ಕು: ಭೇಟಿಗೆ ಮೊದಲಿನ ತಯಾರಿ, ಪರಿಚಯ, ಕೆಲಸದ ಹಂತ, ಮುಕ್ತಾಯ. ಪರೀಕ್ಷೆಯಲ್ಲಿ ನಾಲ್ಕಕ್ಕೂ ಸಮಾನ ಅಂಕ. ವಾರ್ಡಿನಲ್ಲಿ ಎಲ್ಲವೂ ನಿಂತಿರುವುದು ಪರಿಚಯದ ಹತ್ತು ನಿಮಿಷದ ಮೇಲೆ. ಆಗ ಹೇಳಬೇಕಾದ್ದು ಇಷ್ಟು: ನನ್ನ ಹೆಸರು, ನಾನು ವಿದ್ಯಾರ್ಥಿ, ಎಷ್ಟು ದಿನ ಬರುತ್ತೇನೆ, ದಿನಕ್ಕೆ ಎಷ್ಟು ಹೊತ್ತು, ಯಾವುದಕ್ಕೆ. ಕೊನೆಗೆ ಒಂದು ಮಾತು: “ನೀವು ಹೇಳಿದ್ದನ್ನು ಹೊರಗೆ ಎಲ್ಲೂ ಹೇಳುವುದಿಲ್ಲ. ಆದರೆ ನಿಮಗೋ ಬೇರೆಯವರಿಗೋ ಅಪಾಯ ಆಗುವಂಥದ್ದಿದ್ದರೆ ಇಲ್ಲಿನ ಸಿಸ್ಟರಿಗೆ ಹೇಳಲೇಬೇಕು.” ಈ ಎರಡನೆಯ ವಾಕ್ಯ ಹೇಳಲು ಬಾಯಿ ಬರುವುದಿಲ್ಲ, ಸಂಬಂಧ ಕೆಡುತ್ತದೋ ಎಂಬ ಹೆದರಿಕೆ. ಮೊದಲ ದಿನ ಹೇಳದೆ ಐದನೆಯ ದಿನ “ಯಾರಿಗೂ ಹೇಳ್ಬೇಡಿ ಟೀಚರೇ” ಎಂಬ ಗುಟ್ಟು ಬಂದಾಗ ಗೊತ್ತಾಗುತ್ತದೆ, ಅದನ್ನು ಮೊದಲೇ ಹೇಳಬೇಕಿತ್ತು ಅಂತ.

ಹೇಗೆ ಕರೆಯಬೇಕೆಂದು ಅವರನ್ನೇ ಕೇಳುವುದು ಒಳ್ಳೆಯದು. ಊರಿನ ರೂಢಿಯಲ್ಲಿ ಅಕ್ಕ, ಅಮ್ಮ, ಅಣ್ಣ ಎಂದು ಬಾಯಿಗೆ ಬರುತ್ತದೆ. ಕೆಲವರಿಗೆ ಅದು ಹಿತ. ಮನೆಯವರಿಂದಲೇ ನೊಂದವರಿಗೆ ಹಿತವಾಗದೆಯೂ ಇರಬಹುದು. ಏಕವಚನ ಮಾತ್ರ ಯಾರಿಗೂ ಬೇಡ. ಇಪ್ಪತ್ತು ವರ್ಷದಿಂದ ಬಂದುಹೋಗುವ ರೋಗಿಯನ್ನು ವಾರ್ಡಿನಲ್ಲಿ ಎಲ್ಲರೂ “ನೀನು” ಅನ್ನುತ್ತಿದ್ದರೂ ನಾವು “ನೀವು” ಅನ್ನಬೇಕು.

“ಊಟ ಆಯ್ತಾ?” ನಮ್ಮ ಎಲ್ಲ ಭಾಷೆಗಳಲ್ಲೂ ಮಾತಿನ ಬಾಗಿಲು. ಹೌದು–ಇಲ್ಲ ಎಂಬ ಉತ್ತರ ಬರುವ ಪ್ರಶ್ನೆ ಬೇಡ ಎಂದು ಪುಸ್ತಕ ಹೇಳಿದರೂ ಇದನ್ನು ಬಿಡಬೇಕಾಗಿಲ್ಲ, ಇದು ನಮ್ಮಲ್ಲಿ ಪ್ರಶ್ನೆಗಿಂತ ಹೆಚ್ಚಾಗಿ ನಮಸ್ಕಾರ. ಆದರೆ ಕೇಸ್ ಶೀಟಿನಲ್ಲಿ “ಅನ್ನಕ್ಕೆ ಏನೋ ಬೆರೆಸುತ್ತಾರೆ ಎನ್ನುತ್ತಾರೆ” ಎಂದಿದ್ದರೆ ಅಂಥವರಿಗೆ ಊಟದ ಮಾತು ನಮಸ್ಕಾರವಾಗಿ ಉಳಿಯುವುದಿಲ್ಲ. ಅವರ ಹತ್ತಿರ ಮಳೆಯ ಮಾತು, ಕಿಟಕಿಯಾಚೆಯ ತೆಂಗಿನ ಮರದ ಮಾತು ಸಾಕು. ಫೈಲನ್ನು ಮೊದಲು ಹದಿನೈದು ನಿಮಿಷ ಓದಬೇಕಾದ್ದು ಇಂಥದ್ದಕ್ಕೇ.

“ಯಾಕೆ” ಎಂಬ ಪದವನ್ನು ಪೋಸ್ಟಿಂಗ್ ಮುಗಿಯುವವರೆಗೆ ಮನೆಯಲ್ಲಿ ಬಿಟ್ಟು ಬರಬೇಕು. “ಎಂತಕ್ಕೆ ಮಾತ್ರೆ ಬಿಟ್ರಿ?” ಅಂದರೆ ಬೈದ ಹಾಗೆಯೇ ಕೇಳುತ್ತದೆ. ಉತ್ತರದ ಬದಲು ಸಮಜಾಯಿಷಿ ಬರುತ್ತದೆ. “ಮಾತ್ರೆ ಬಿಡುವ ಮೊದಲು ಎಂತಾಯ್ತು?” ಎಂದು ಕೇಳಿದರೆ ಕಥೆ ಬರುತ್ತದೆ: ತೂಕಡಿಕೆ ಬಂದು ಕೆಲಸಕ್ಕೆ ಹೋಗಲು ಆಗಲಿಲ್ಲ, ಮೈ ದಪ್ಪವಾಯಿತು, ಯಾರೋ ಆಡಿಕೊಂಡರು.

ರೋಗಿಯ ಮಾತನ್ನೇ ಹಿಂದಿರುಗಿಸುವ ತಂತ್ರಕ್ಕೆ ಕನ್ನಡದಲ್ಲಿ ಒಂದು ಅಪಾಯ ಉಂಟು. “ರಾತ್ರಿ ನಿದ್ದೆ ಇಲ್ಲ” ಅಂದವರಿಗೆ “ನಿದ್ದೆ ಇಲ್ಲ ಅಂತ?” ಎಂದು ದನಿ ಏರಿಸಿದರೆ ನಂಬದವರ ಹಾಗೆ ಕೇಳುತ್ತದೆ. ‘ಅಂತ’ ಬಿಟ್ಟು, ದನಿ ಇಳಿಸಿ, “ನಿದ್ದೆಯೇ ಇಲ್ಲ...” ಎಂದು ನಿಲ್ಲಿಸಬೇಕು. ನಮ್ಮ ಕಡೆಯ “ಹೌದಾ?” ಕೂಡ ಹಾಗೆಯೇ. ನಾವು ಅದನ್ನು ಹೂಂಗುಟ್ಟುವ ಬದಲು ಆಡುತ್ತೇವೆ. ಸಂಶಯದಲ್ಲಿರುವವರಿಗೆ ಅದು ಸವಾಲು. “ಹೂಂ” ಸಾಕು.

ಮೌನವನ್ನೂ ತಂತ್ರವೆಂದು ಕಲಿಸುತ್ತಾರೆ, ಆದರೆ ಅದನ್ನು ಹಿಡಿದಿಡುವುದು ಹೇಗೆಂದು ಯಾರೂ ಹೇಳುವುದಿಲ್ಲ. ಖಿನ್ನತೆಯಲ್ಲಿರುವವರಿಗೆ ಪ್ರಶ್ನೆ ಒಳಗೆ ಇಳಿದು ಉತ್ತರ ಮೇಲೆ ಬರಲು ಹೊತ್ತು ಬೇಕು. ನಾವು ಮೂರು ಸೆಕೆಂಡಿಗೆ ಎರಡನೆಯ ಪ್ರಶ್ನೆ ಹಾಕಿದರೆ ಮೊದಲನೆಯದರ ಉತ್ತರ ಅರ್ಧ ದಾರಿಯಲ್ಲಿ ಕಳೆದುಹೋಗುತ್ತದೆ. ಮನಸ್ಸಿನಲ್ಲೇ ನಿಧಾನವಾಗಿ ಹದಿನೈದರವರೆಗೆ ಎಣಿಸುವುದು ನಾವು ಕಂಡುಕೊಂಡ ಉಪಾಯ. ಎಣಿಸುವಾಗ ಕಣ್ಣು ಅವರ ಕೈಯ ಮೇಲಿರಲಿ. ಮುಖಕ್ಕಿಂತ ಮೊದಲು ಕೈ ಮಾತಾಡುತ್ತದೆ. ಇಂಥವರ ಹತ್ತಿರ ಅರ್ಧ ಗಂಟೆ ಕೂರುವುದಕ್ಕಿಂತ ಹತ್ತು ಹತ್ತು ನಿಮಿಷ ಮೂರು ಸಲ ಹೋಗುವುದು ಒಳ್ಳೆಯದು.

ಬಾಯಿಗೆ ತಾನಾಗಿ ಬರುವ ಸಮಾಧಾನ ನಮ್ಮೂರಲ್ಲಿ ಮೂರು ಭಾಷೆಯಲ್ಲೂ ಸಿದ್ಧವಾಗಿದೆ: “ಎಲ್ಲ ಸರಿ ಹೋಗ್ತದೆ”, ತುಳುವಿನಲ್ಲಿ ಅದೇ ಅರ್ಥದ “ಮಾತ ಎಡ್ಡೆ ಆಪುಂಡು”, ಮಲಯಾಳದಲ್ಲಿ ಪರವಾಗಿಲ್ಲ ಎನ್ನುವ “ಸಾರಮಿಲ್ಲ”. ಮೂರೂ ಬಾಗಿಲು ಮುಚ್ಚುವ ಮಾತುಗಳು. “ಮಂಡೆಬೆಚ್ಚ ಮಾಡ್ಬೇಡಿ”, ಅಂದರೆ ತಲೆಬಿಸಿ ಮಾಡಿಕೊಳ್ಳಬೇಡಿ, ಎಂಬುದು ನಾಲ್ಕನೆಯದು. ಹೇಳಿದ ಕೂಡಲೇ ನಮಗೆ ಹಗುರಾಗುತ್ತದೆ, ರೋಗಿ ಅಲ್ಲಿಗೆ ಮಾತು ನಿಲ್ಲಿಸುತ್ತಾರೆ. “ನನಗೆ ಅರ್ಥ ಆಗ್ತದೆ” ಎಂಬುದೂ ಮೊದಲ ದಿನದ ಮಟ್ಟಿಗೆ ಸುಳ್ಳೇ. “ಇದನ್ನು ಹೇಳುವಾಗ ನಿಮ್ಮ ದನಿ ಸಣ್ಣ ಆಯ್ತು” ಅಂದರೆ ಕಂಡದ್ದನ್ನು ಮಾತ್ರ ಹೇಳಿದಂತಾಯಿತು, ಅದು ನಿಜ.

ಈಗ ತಲೆಬರಹದ ಮಾತಿಗೆ ಬರುತ್ತೇನೆ. ಬೆಳಗ್ಗೆ ಹತ್ತು ಗಂಟೆ. ಐವತ್ತು ದಾಟಿದ ಹೆಂಗಸು, ತುಳು ಮಾತು. ಗಂಜಿಯ ತಟ್ಟೆ ಬದಿಗೆ ಸರಿಸಿದ್ದಾರೆ, ಅರ್ಧ ಉಳಿದಿದೆ. ಎಡಗೈಯ ಹೆಬ್ಬೆರಳಿನಿಂದ ಸೀರೆಯ ಅಂಚನ್ನು ಉಜ್ಜುತ್ತಲೇ ಇದ್ದಾರೆ. “ಎಂಕ್ ಸಾಕಾಂಡ್” ಅನ್ನುತ್ತಾರೆ. ನನಗೆ ಸಾಕಾಯ್ತು. ವಿದ್ಯಾರ್ಥಿಯ ಕಣ್ಣು ತಟ್ಟೆಯ ಮೇಲಿದ್ದರೆ “ಇನ್ನೆರಡು ತುತ್ತು ಉಣ್ಣಿ” ಎಂದುಬಿಡುತ್ತಾಳೆ. ಒಪ್ಪವಾದ ಮಾತು, ಕಾಳಜಿಯ ಮಾತು, ಮತ್ತು ಪೂರ್ತಿ ತಪ್ಪು. ಮಾಡಬೇಕಾದ್ದು ಎರಡೇ. ಮೊದಲು ಅದೇ ಪದ, ಇಳಿದ ದನಿಯಲ್ಲಿ: “ಸಾಕಾಂಡ್...” ಹದಿನೈದರವರೆಗೆ ಎಣಿಕೆ. ಆಮೇಲೆ “ದಾದ ಸಾಕಾಯಿನಿ?” ಎಂತ ಸಾಕಾದದ್ದು?

ಉತ್ತರ “ಗಂಜಿ” ಎಂದಾದರೆ ನಷ್ಟವೇನೂ ಇಲ್ಲ. “ಮಾತಲಾ” ಎಂದಾದರೆ, ಎಲ್ಲವೂ ಎಂದಾದರೆ, ಮುಂದಿನ ಪ್ರಶ್ನೆಗೆ ಹಿಂಜರಿಯಬಾರದು. “ಬದುಕುವುದೇ ಸಾಕು ಅಂತ ಅನಿಸ್ತದಾ?” ಹೌದೆಂದರೆ “ಸಾಯುವ ಯೋಚನೆ ಬಂದದ್ದುಂಟಾ?” ಅದಕ್ಕೂ ಹೌದೆಂದರೆ ಹೇಗೆಂದು ಯೋಚಿಸಿದ್ದುಂಟಾ, ಯಾವಾಗ, ಅದಕ್ಕೆ ಬೇಕಾದದ್ದು ಕೈಗೆ ಸಿಗುವ ಹಾಗಿದೆಯಾ, ಮೊದಲು ಹಾಗೆ ಮಾಡಿಕೊಂಡದ್ದುಂಟಾ. ಒಂದೊಂದಾಗಿ, ನಿಧಾನವಾಗಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಹೆದರಿಕೆ ವಿದ್ಯಾರ್ಥಿಗಳಿಗೆಲ್ಲ ಇರುತ್ತದೆ. ಹಾಗಾಗುವುದಿಲ್ಲ. ಕೇಳುವವರೊಬ್ಬರು ಸಿಕ್ಕಿದರೆಂದು ಹೆಚ್ಚಿನವರ ಭಾರ ಇಳಿಯುತ್ತದೆ. ಇಷ್ಟಾದ ಮೇಲೆ ಅವರನ್ನು ಒಬ್ಬರೇ ಬಿಟ್ಟು ಹೋಗಬಾರದು. ಜೊತೆಯ ವಿದ್ಯಾರ್ಥಿಯನ್ನು ಕಳುಹಿಸಿ ಸ್ಟಾಫ್ ನರ್ಸನ್ನು ಕರೆಸಬೇಕು, ಬಾಯಲ್ಲಿ ಹೇಳಬೇಕು, ಆಮೇಲೆ ಬರೆಯಬೇಕು. ಸಂಜೆ ರಿಪೋರ್ಟ್ ಬರೆಯುವಾಗ ಸೇರಿಸಿದರಾಯಿತು ಅನ್ನುವ ವಿಷಯ ಇದಲ್ಲ. ಮದ್ದು ಶುರುವಾಗಿ ಮುಖ ಗೆಲುವಾದ ಮೊದಲ ವಾರಗಳಲ್ಲೂ ಎಚ್ಚರ ಬೇಕು. ಸಾಯುವ ಯೋಚನೆ ಮನಸ್ಸಿನಿಂದ ಹೋಗುವ ಮೊದಲೇ ಮೈಗೆ ತ್ರಾಣ ಬರುವುದುಂಟು. ಮನೆಗೆ ಹೋಗುವವರಿಗೆ ಟೆಲಿ ಮಾನಸ್‌ನ 14416 ಸಹಾಯವಾಣಿ ನಂಬರನ್ನು ಚೀಟಿಯಲ್ಲಿ ಬರೆದು ಕೊಡುತ್ತೇವೆ. ಓದುವವರಿಗೂ ಇದು ನೆನಪಿರಲಿ, ರಾತ್ರಿ–ಹಗಲು ಉಚಿತ, ಕನ್ನಡದಲ್ಲೂ ಮಾತಾಡಬಹುದು.

“ಎಂಕ್ ಸಾಕಾಂಡ್” ಎಂಬುದು ಫೈಲಿನಲ್ಲಿ “ಊಟ ನಿರಾಕರಿಸಿದರು” ಎಂದು ಇಳಿಯುವುದು ಬಹಳ ಸುಲಭ. ತುಳುವಿನಿಂದ ಕನ್ನಡಕ್ಕೆ, ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಪ್ರತಿ ಮೆಟ್ಟಿಲಲ್ಲೂ ಮಾತು ಸ್ವಲ್ಪ ಸ್ವಲ್ಪ ಚೊಕ್ಕವಾಗುತ್ತದೆ. ಚೊಕ್ಕವಾಗುವುದೇ ಇಲ್ಲಿ ಕೇಡು. ಎಳೆ ತಪ್ಪಿದ ಮಾತನ್ನು ದುಭಾಷಿ ತಿಳಿಯದೆಯೇ ಎಳೆ ಕೂಡಿಸಿ ಹೇಳುತ್ತಾನೆ. “ಅಡಿಕೆ ಸುಲಿದಾಯ್ತು, ಬಸ್ಸಿಗೆ ಬಣ್ಣ ಬಳಿದಿದ್ದಾರೆ, ಅದಕ್ಕೇ ನನಗೆ ಜ್ವರ” ಅಂದದ್ದು “ಅಡಿಕೆ ಸುಲಿದು ಜ್ವರ ಬಂತಂತೆ” ಎಂದಾಗುತ್ತದೆ. ಆಲೋಚನೆಯ ಎಳೆ ಸಡಿಲವಾಗಿದೆ ಎಂಬುದೇ ಇಲ್ಲಿನ ಲಕ್ಷಣ. ಅದು ಅನುವಾದದಲ್ಲಿ ಅಳಿಸಿಹೋಯಿತು.

ಉಲ್ಟಾ ಆಗುವುದೂ ಉಂಟು. ಹವ್ಯಕರ ಮನೆಯ ಅಜ್ಜಿ “ಎನಗೆ ಎಡಿತ್ತಿಲ್ಲೆ” ಅಂದದ್ದನ್ನು, ನನ್ನಿಂದಾಗುವುದಿಲ್ಲ ಎಂಬಷ್ಟೇ ಅರ್ಥದ ಆ ಮಾತನ್ನು, ಭಾಷೆ ತಿಳಿಯದವರು “ರೋಗಿ ತಾನೇ ಹುಟ್ಟಿಸಿದ ಪದ” ಎಂದು ಬರೆದರೆ ಆರೋಗ್ಯದ ಮಾತಿಗೆ ಕಾಯಿಲೆಯ ಚೀಟಿ ಅಂಟಿಕೊಂಡ ಹಾಗೆ. ಹಾಗೆ ಬರೆಯುವ ಮೊದಲು ಆ ಭಾಷೆಯವರೊಬ್ಬರನ್ನು ಕೇಳಲೇಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದು 2017ರ ಕಾಯ್ದೆಯಲ್ಲೇ ಇದೆ. ಕಾಸರಗೋಡಿನ ಕನ್ನಡಿಗರು ಬೇರೆ ಕಚೇರಿಗಳಲ್ಲಿ ಕೇಳುವ ಭಾಷೆಯ ಹಕ್ಕಿಗಿಂತ ಈ ವಾರ್ಡಿನಲ್ಲಿ ಅದರ ತೂಕ ಹೆಚ್ಚು ಎಂದು ನಾನು ನಂಬುತ್ತೇನೆ. ಇಲ್ಲಿ ರೋಗವನ್ನು ಗುರುತಿಸುವುದೇ ಮಾತಿನಿಂದ.

ದುಭಾಷಿಯಾಗಿ ಕೂರುವಾಗ ನಾವು ಪಾಲಿಸಿದ ಕ್ರಮ ಇದು. ಮೂವರೂ ತ್ರಿಕೋನವಾಗಿ ಕೂರಬೇಕು. ರೋಗಿ “ನಾನು” ಅಂದರೆ ನಾವೂ “ನಾನು” ಎಂದೇ ಹೇಳಬೇಕು, “ಅವರು ಹೇಳ್ತಾರೆ” ಎಂದು ಶುರು ಮಾಡಬಾರದು. ಒಂದು ಸಲಕ್ಕೆ ಎರಡು ಮೂರು ವಾಕ್ಯ ಸಾಕು. ಅರ್ಥವಾಗದ್ದನ್ನು ಅರ್ಥವಾಗದ ಹಾಗೆಯೇ ದಾಟಿಸಬೇಕು. ಮನೆಯವರನ್ನು ದುಭಾಷಿ ಮಾಡಬಾರದು. ಗಂಡನೇ ಹೆಂಡತಿಯ ಮಾತು ಅನುವಾದಿಸುವಲ್ಲಿ ಗಂಡನ ಬಗ್ಗೆ ಏನೂ ಹೊರಗೆ ಬರುವುದಿಲ್ಲ. ರೋಗಿಯ ಮುಂದೆ ನಾವಿಬ್ಬರೇ ಮಲಯಾಳದಲ್ಲಿ ಪಿಸುಗುಟ್ಟಬಾರದು. ಯಾರೋ ತನ್ನ ಬಗ್ಗೆ ಸಂಚು ಹೂಡುತ್ತಿದ್ದಾರೆ ಎಂದು ನಂಬಿರುವ ಮನುಷ್ಯನ ಎದುರು ಅವರಿಗೆ ತಿಳಿಯದ ಭಾಷೆಯಲ್ಲಿ ನಗುತ್ತ ಮಾತಾಡಿದರೆ, ಒಂದು ವಾರದ ಕೆಲಸ ಒಂದು ನಿಮಿಷದಲ್ಲಿ ಹೋಯಿತು.

ಕೆಲವು ಪದಗಳು ಎರಡು ಕಡೆ ಕಾಲಿಟ್ಟಿವೆ. ಮಲಯಾಳದ ‘ದೇಷ್ಯಂ’ ಎಂದರೆ ಸಿಟ್ಟು. ಕನ್ನಡದ ಕಿವಿಗೆ ಅದು ‘ದ್ವೇಷ’ ಎಂದು ಕೇಳುತ್ತದೆ. “ಮಗನ ಮೇಲೆ ದೇಷ್ಯ ಉಂಟಾ?” ಎಂದು ಕೇಳಿದರೆ ತಾಯಿಯ ಮುಖ ಬಾಡುವುದು ಅದಕ್ಕೆ. ‘ವಿಷಮ’ ಅವರಿಗೆ ಸಂಕಟ, ನಮಗೆ ಸ್ಥಿತಿ ಗಂಭೀರವಾಗಿದೆ ಎಂದು. ‘ಮದ್ದು’ ಎಂಬ ನಮ್ಮದೇ ಪದಕ್ಕೂ ಎರಡು ಮುಖ. ಔಷಧಿಯೂ ಹೌದು, ಯಾರೋ ಊಟದಲ್ಲಿ ಹಾಕಿ ತಿನ್ನಿಸುವ ‘ಕೈಮದ್ದು’ ಕೂಡ ಹೌದು. ತನಗೆ ಮದ್ದು ಹಾಕಿದ್ದಾರೆ ಎಂದು ಹೆದರಿರುವವರಿಗೆ “ಮದ್ದು ತಕ್ಕೊಳ್ಳಿ” ಅನ್ನುವುದು ಹೇಗೆ? ಸರಿ, ಗುಳಿಗೆ ಅನ್ನೋಣವೆಂದರೆ ಅಲ್ಲಿ ಗುಳಿಗನಿದ್ದಾನೆ. ಮಾತ್ರೆಗೆ ಮಲಯಾಳದಲ್ಲೂ ಹೆಚ್ಚುಕಡಿಮೆ ಅದೇ ಸದ್ದು. ಗುಳಿಗ ದೈವ ತನ್ನ ಬೆನ್ನು ಹತ್ತಿದೆ ಎನ್ನುವ ರೋಗಿಗೆ “ಎರಡು ಗುಳಿಗ ಉಂಟು, ನುಂಗಿ” ಎಂದು ಹೇಳುವುದು ಎಂಥ ಕಷ್ಟ ಎಂದು ಯೋಚಿಸಿ. ‘ಮಾತ್ರೆ’ ಎಂದೇ ಹೇಳುವುದನ್ನು, ಜೊತೆಗೆ ಮಾತ್ರೆಯ ಪಟ್ಟಿಯನ್ನು ಅವರೆದುರೇ ಒಡೆದು ಕೊಡುವುದನ್ನು ನಾವು ರೂಢಿ ಮಾಡಿಕೊಂಡೆವು.

ದೈವದ ವಿಷಯಕ್ಕೆ ಬಂದರೆ ವಿದ್ಯಾರ್ಥಿಗಳು ಎರಡು ಅತಿಗೆ ಹೋಗುತ್ತಾರೆ. ಒಂದು, ದೈವದ ಹೆಸರು ಬಂದ ಕೂಡಲೇ ಭ್ರಮೆ ಎಂದು ಬರೆಯುವುದು. ಇನ್ನೊಂದು, ನಂಬಿಕೆಯಲ್ಲವೇ ಎಂದು ಏನೂ ಕೇಳದೆ ಬಿಡುವುದು. ಒಂದು ಸಮುದಾಯ ಒಟ್ಟಾಗಿ ನಂಬುವುದು ಭ್ರಮೆಯಲ್ಲ ಎಂಬುದು ಮನೋವೈದ್ಯಕೀಯದ ವ್ಯಾಖ್ಯೆಯಲ್ಲೇ ಇದೆ. ಕೋಲದಲ್ಲಿ, ಅಂದರೆ ದೈವಾರಾಧನೆಯ ಉತ್ಸವದಲ್ಲಿ, ದೈವ ನುಡಿ ಕೊಡುತ್ತದೆ ಎಂದು ಊರೇ ನಂಬುತ್ತದೆ. ಆ ನುಡಿಗೆ ಒಂದು ದಿನ, ಒಂದು ಅಂಗಳ, ನುಡಿಯುವ ಒಬ್ಬ ಪಾತ್ರಿ ಇರುತ್ತಾರೆ. ಅದೇ ದೈವ ಅಡುಗೆಮನೆಯಲ್ಲಿ ದಿನವಿಡೀ ತನ್ನೊಬ್ಬನಿಗೇ ಬೈಯುತ್ತದೆ, ಊಟ ಬಿಡು ಅನ್ನುತ್ತದೆ ಎಂದು ಒಬ್ಬರು ಹೇಳಿದರೆ ಅವರ ಮನೆಯವರೇ “ಇದು ಹಾಗಿನದ್ದಲ್ಲ” ಅನ್ನುತ್ತಾರೆ. ಅದನ್ನು ಕೇಳಿ ತಿಳಿಯಬೇಕು: “ನಿಮ್ಮ ಮನೆಯಲ್ಲಿ ಬೇರೆಯವರಿಗೂ ಹೀಗೆ ಕೇಳಿದ್ದುಂಟಾ? ಇದರಿಂದ ನಿಮಗೆ ತೊಂದರೆ ಆಗ್ತದಾ?”

ದನಿ ಕೇಳುವವರ ಹತ್ತಿರ ಇಲ್ಲವೆಂದು ವಾದಿಸಬಾರದು, ನನಗೂ ಕೇಳಿಸುತ್ತದೆ ಎಂದು ನಟಿಸಲೂಬಾರದು. “ನಿಮಗೆ ಕೇಳಿಸ್ತದೆ ಅಂತ ನನಗೆ ಗೊತ್ತಾಗ್ತದೆ. ನನಗೆ ಕೇಳಿಸುವುದಿಲ್ಲ. ಅದು ಎಂತ ಹೇಳ್ತದೆ?” ಮೂರನೆಯ ವಾಕ್ಯವೇ ಮುಖ್ಯ. ಆ ದನಿ ಅಪ್ಪಣೆ ಕೊಡುತ್ತಿದ್ದರೆ, ತನಗೋ ಇತರರಿಗೋ ಏನಾದರೂ ಮಾಡು ಎನ್ನುತ್ತಿದ್ದರೆ, ಕೂಡಲೇ ಸ್ಟಾಫಿಗೆ ತಿಳಿಸಬೇಕು. ಇಲ್ಲವಾದರೆ ದನಿಯ ಹಿಂದಿರುವ ಹೆದರಿಕೆಯ ಮಾತಿಗೆ ತಿರುಗಬೇಕು. ದಿನವೂ ದನಿಯ ವಿವರವನ್ನೇ ಕೆದಕುತ್ತ ಕೂತರೆ ಅದಕ್ಕೆ ನೀರೆರೆದಂತೆ.

ಮಾನಸಿಕ ಸ್ಥಿತಿ ಪರೀಕ್ಷೆಯಲ್ಲೂ ಊರು ಬರಬೇಕು. “ಇದು ಯಾವ ತಿಂಗಳು?” ಎಂದರೆ ಜುಲೈ ಎಂದು ಹೇಳಲಾಗದ ಅಜ್ಜಿ ತುಳು ತಿಂಗಳ ಲೆಕ್ಕದಲ್ಲಿ “ಆಟಿ ಅಲ್ವಾ, ಇನ್ನು ಸೋಣ” ಅಂದರೆ ಅವರಿಗೆ ಕಾಲದ ಅರಿವು ಸರಿಯಾಗಿಯೇ ಇದೆ. ನೂರರಿಂದ ಏಳೇಳು ಕಳೆಯಿರಿ ಎಂದರೆ ಶಾಲೆಗೆ ಹೋಗದವರು ಸೋಲುತ್ತಾರೆ. “ನೂರು ರೂಪಾಯಿ ಕೊಟ್ಟು ಏಳು ರೂಪಾಯಿಯದ್ದು ತಕ್ಕೊಂಡ್ರೆ ಚಿಲ್ಲರೆ ಎಷ್ಟು?” ಎಂದರೆ ಅದೇ ಜನ ತಟ್ಟನೆ ಹೇಳುತ್ತಾರೆ. ಅಮೂರ್ತ ಯೋಚನೆ ನೋಡಲು ಗಾದೆ ಕೇಳುತ್ತಾರಲ್ಲ, ಅವರಿಗೆ ತಿಳಿದ ಗಾದೆಯನ್ನೇ ಕೇಳಬೇಕು. “ಕೈ ಕೆಸರಾದರೆ ಬಾಯಿ ಮೊಸರು” ಅಂದದ್ದಕ್ಕೆ “ಕೈ ತೊಳೆದು ಉಣ್ಣಬೇಕು” ಎಂಬ ಉತ್ತರ ಬಂದರೆ ಬರೆದುಕೊಳ್ಳಲು ಏನೋ ಸಿಕ್ಕಿತು. ಕೇಳಿಯೇ ಇಲ್ಲದ ಗಾದೆಗೆ ಸುಮ್ಮನಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಮಾತಿನ ತೊಂದರೆಯ ಹಾಗೆ ಕಾಣುವುದೆಲ್ಲ ಮಾತಿನದ್ದಲ್ಲ. ಹಾಲೊಪೆರಿಡಾಲ್‌ನಂಥ ಭ್ರಮೆ ಇಳಿಸುವ ಮಾತ್ರೆ ಅಥವಾ ಇಂಜೆಕ್ಷನ್ ಶುರುವಾದವರು ಎರಡು ನಿಮಿಷ ಕೂತು ಎದ್ದು ಓಡಾಡುತ್ತಿದ್ದರೆ, ನಮ್ಮ ಮಾತು ಬೇಸರವಾಯಿತೆಂದು ಬರೆಯುವ ಮೊದಲು “ಕಾಲು ಒಂದು ಕಡೆ ನಿಲ್ಲುವುದಿಲ್ವಾ?” ಎಂದು ಕೇಳಬೇಕು. ಅದು ಔಷಧಿಯ ಅಡ್ಡಪರಿಣಾಮವಾಗಿರಬಹುದು. “ನಾಲಗೆ ಹೊರಳುವುದಿಲ್ಲ, ಕುತ್ತಿಗೆ ಯಾರೋ ತಿರುಚುತ್ತಾರೆ” ಎಂಬುದೂ ಭ್ರಮೆಯ ಹಾಗೆ ಕೇಳಿಸುತ್ತದೆ. ಮುಟ್ಟಿ ನೋಡಿದರೆ ಸ್ನಾಯು ನಿಜವಾಗಿಯೂ ಸೆಟೆದಿರುತ್ತದೆ. ಕೂಡಲೇ ತಿಳಿಸಿದರೆ ಒಂದು ಇಂಜೆಕ್ಷನ್ನಿನಲ್ಲಿ ಇಳಿಯುತ್ತದೆ. ಇಸಿಟಿ, ಅಂದರೆ ತಲೆಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ, ಆದವರು ಮಧ್ಯಾಹ್ನ ನಮ್ಮ ಗುರುತೇ ಹಿಡಿಯದಿದ್ದರೆ ನೊಂದುಕೊಳ್ಳಬಾರದು, ಮತ್ತೆ ಮೊದಲಿನಿಂದ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಬೇಕು. ಕುಡಿತ ಬಿಟ್ಟು ಎರಡು ಮೂರು ದಿನವಾದವರು ಕೈ ನಡುಗಿ, ಬೆವರಿ, ಗೋಡೆಯ ಮೇಲೆ ಹುಳ ಕಾಣುತ್ತಿದ್ದಾರೆಂದರೆ ಅದು ಸಂದರ್ಶನದ ಹೊತ್ತಲ್ಲ. ಅಲ್ಲಿ ಮೊದಲು ಬೇಕಾದ್ದು ಡಾಕ್ಟರು. ಉನ್ಮಾದದಲ್ಲಿರುವವರ ಹತ್ತಿರ ಸಣ್ಣ ವಾಕ್ಯ, ಸಣ್ಣ ಹೊತ್ತು, ಅವರ ವೇಗಕ್ಕೆ ನಾವು ಏರದಿರುವುದು, ಇಷ್ಟೇ.

ಇಷ್ಟನ್ನೂ ಪ್ರೋಸೆಸ್ ರೆಕಾರ್ಡಿಂಗ್ ಎಂಬ ಪುಸ್ತಕದಲ್ಲಿ ಬರೆಯಬೇಕು. ನಾನು ಹೇಳಿದ್ದು, ರೋಗಿ ಹೇಳಿದ್ದು ಮತ್ತು ಮಾಡಿದ್ದು, ನನಗೆ ಅನಿಸಿದ್ದು, ಬಳಸಿದ ತಂತ್ರ, ಅದು ಸರಿಹೋಯಿತೇ ಎಂದು ಐದು ಅಂಕಣ. ಎದುರಿಗೆ ಕೂತು ಬರೆಯಬಾರದು. ಸಂಶಯ ಇರುವವರಿಗೆ ಪೆನ್ನು ಓಡುವುದೇ ಸಾಕ್ಷಿ. ಎದ್ದು ಬಂದು ಅರ್ಧ ಗಂಟೆಯೊಳಗೆ ಬರೆಯದಿದ್ದರೆ ಅವರ ಮಾತು ಹೋಗಿ ನಮ್ಮ ಮಾತು ಉಳಿಯುತ್ತದೆ. ನಾವು ಎರಡನೆಯ ಅಂಕಣವನ್ನು ಮೊದಲು ಕನ್ನಡ ಲಿಪಿಯಲ್ಲಿ, ತುಳುವಾದರೆ ತುಳುವಿನಲ್ಲೇ, ಹೇಳಿದ ಹಾಗೆಯೇ ಇಳಿಸಿ, ಕೆಳಗೆ ಇಂಗ್ಲಿಷ್ ಬರೆಯುತ್ತಿದ್ದೆವು. ಪುಟ ಹೆಚ್ಚಾಗುತ್ತದೆ, ಮೌಲ್ಯಮಾಪನ ಮಾಡುವವರು ಒಮ್ಮೊಮ್ಮೆ ಹುಬ್ಬು ಗಂಟಿಕ್ಕುತ್ತಾರೆ. ಆದರೂ ಬಿಡಬಾರದು. “ಮಂಡೆಬೆಚ್ಚ” ಎಂಬುದಕ್ಕೆ ಒಂದು ದಿನ ಚಿಂತೆ, ಇನ್ನೊಂದು ದಿನ ತಲೆನೋವು, ಮತ್ತೊಂದು ದಿನ ಸಿಟ್ಟು ಎಂದು ಮೂರು ಅನುವಾದ ಹಾಕಿರುವುದು ಮೂಲ ಪಕ್ಕದಲ್ಲಿದ್ದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ‘ಬೇಜಾರು’ ಇನ್ನೂ ಕಷ್ಟದ್ದು: ದುಃಖ, ಬೇಸರ, ಮುನಿಸು ಮೂರೂ ಅದರೊಳಗಿವೆ. ಪ್ರತಿ ಸಲ ಕೇಳಲೇಬೇಕು, ಯಾವ ಬೇಜಾರು ಎಂದು. ಮಾಡಿದ್ದನ್ನು ಬರೆಯುವಾಗಲೂ ಹಾಗೆ. “ದುಃಖದಲ್ಲಿದ್ದರು” ಎಂಬುದು ನಮ್ಮ ತೀರ್ಪು. “ಹೆಬ್ಬೆರಳಿನಿಂದ ಸೀರೆಯಂಚು ಉಜ್ಜುತ್ತಿದ್ದರು, ಕಣ್ಣು ನೆಲದ ಮೇಲೆ” ಎಂಬುದು ಕಂಡದ್ದು. ಹೆಸರು, ಮನೆ, ಊರು ಪುಸ್ತಕದಲ್ಲಿ ಬೇಡ, ಇನಿಶಿಯಲ್ ಸಾಕು. ಕಾಸರಗೋಡು ಸಣ್ಣ ಜಿಲ್ಲೆ, ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ಹೆಸರೊಂದು ಸಿಕ್ಕಿದರೆ ಮನುಷ್ಯ ಸಿಕ್ಕಿದ ಹಾಗೆಯೇ.

ಮುಕ್ತಾಯ ಕೊನೆಯ ದಿನದ ಕೆಲಸವೆಂದುಕೊಂಡರೆ ಎಡವುತ್ತೇವೆ. ಮೊದಲ ದಿನವೇ ದಿನಗಳ ಲೆಕ್ಕ ಹೇಳಿರಬೇಕು, ಕೊನೆಗೆ ಮೂರು ದಿನ ಇರುವಾಗ ನೆನಪಿಸಬೇಕು, ಮರುದಿನ ಮತ್ತೆ. ಫೋನ್ ನಂಬರ್ ಕೇಳುತ್ತಾರೆ, ಕೊಡಬಾರದು. “ಮತ್ತೆ ಬಂದು ನೋಡ್ತೇನೆ” ಎಂದು ಬಾಯಿಗೆ ಬರುತ್ತದೆ, ಹೇಳಬಾರದು. ಕೆಲವರು ಕೊನೆಯ ದಿನ ಮಾತೇ ಆಡುವುದಿಲ್ಲ, ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಆಗ ಎಬ್ಬಿಸಿ ಸಮಾಧಾನ ಹೇಳಬೇಕಾಗಿಲ್ಲ. ಕುರ್ಚಿಯನ್ನು ಎಂದಿನ ಜಾಗದಲ್ಲೇ ಇಟ್ಟು, “ನಾನು ಹತ್ತೂವರೆವರೆಗೆ ಇಲ್ಲೇ ಕೂತಿರ್ತೇನೆ” ಎಂದು ಹೇಳಿ, ಕೂತಿರಬೇಕು. ಹತ್ತೂವರೆಗೆ ಹೆಸರು ಹಿಡಿದು “ನಾನು ಹೊರಡ್ತೇನೆ” ಅಂದು ಏಳಬೇಕು, ಹತ್ತೂ ಇಪ್ಪತ್ತಕ್ಕಲ್ಲ.